ಕರ್ನಲ್ ಗ್ರೀನ್‌ಲಾ: ಹಂಪೆಯ ಪ್ರಥಮ ಛಾಯಾಚಿತ್ರಗಳು

ಶ್ರೀರಾಮನಗರದ ಗದ್ದೆಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಆನೆಗೊಂದಿ, ಹಂಪೆಗಳು ದೂರದ ಊರುಗಳಲ್ಲ. ಆದರೆ ಕಣ್ಣೆದುರಿಗೆ ಇರುವುದನ್ನು ಕಾಣದಿರುವುದು ಮನುಷ್ಯನ ಸ್ವಭಾವ. ಆ ಬಂಡೆಗಳ ಬೀಡನ್ನು ಕಾಲ್ನಡೆಯಲ್ಲಿ ಸುತ್ತಿ, ಕಂಡುದನ್ನು ಮೊಟ್ಟಮೊದಲಿಗೆ ಛಾಯಾಚಿತ್ರಗಳಲ್ಲಿ ಉಳಿಸಿಕೊಟ್ಟವರು ಕಡಲಾಚೆಯಿಂದ ಬಂದ ಸೈನ್ಯಾಧಿಕಾರಿಯೊಬ್ಬರು. ಅವರೇ ಕರ್ನಲ್ ಅಲೆಗ್ಸಾಂಡರ್ ಗ್ರೀನ್‌ಲಾ.

1818ರಲ್ಲಿ ಜನಿಸಿದ ಗ್ರೀನ್‌ಲಾ ಅವರು ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದಲ್ಲಿ ಸೇವೆ ಸಲ್ಲಿಸಿದರು. ಆಗ ಹಂಪೆಯು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಹೊಳೆಯಾಚೆಯ ಆನೆಗೊಂದಿ, ಗಂಗಾವತಿಗಳು ನಿಜಾಮರ ಸೀಮೆ. ತುಂಗಭದ್ರೆಯೇ ಎರಡು ಆಡಳಿತಗಳ ಗಡಿ. ಛಾಯಾಚಿತ್ರಕಲೆಗೆ ಅದು ಬಾಲ್ಯಾವಸ್ಥೆ. ಇಂಗ್ಲೆಂಡಿನ ಟಾಲ್ಬಟ್ ಎಂಬುವರು ಕಾಗದದ ಮೇಲೆ ಪ್ರತಿಬಿಂಬ ಹಿಡಿಯುವ ವಿಧಾನಕ್ಕೆ ಹಕ್ಕುಪತ್ರ ಪಡೆದದ್ದು 1841ರಲ್ಲಿ. 1854ರಲ್ಲಿ ಲಿನೇಯಸ್ ಟ್ರೈಪ್ ಎಂಬ ಇನ್ನೊಬ್ಬ ಸೈನ್ಯಾಧಿಕಾರಿ ಹಳೇಬೀಡು, ಬೇಲೂರುಗಳ ಶಿಲ್ಪವನ್ನು ಚಿತ್ರಿಸಿದ್ದರು. ಎರಡು ವರ್ಷಗಳ ತರುವಾಯ, 1856ರಲ್ಲಿ, ಗ್ರೀನ್‌ಲಾ ಅವರು ವಿಜಯನಗರದ ಅವಶೇಷಗಳ ಕಡೆಗೆ ಹೊರಟರು.

ಆ ಕಾರ್ಯದ ಕಷ್ಟವನ್ನು ಇಂದಿನವರು ಊಹಿಸುವುದೂ ಕಠಿಣ. ಚಿತ್ರವನ್ನು ಹಿಗ್ಗಿಸಿ ಅಚ್ಚೊತ್ತುವ ಸೌಕರ್ಯ ಆಗ ಇರಲಿಲ್ಲ. ಬೇಕಾದ ಚಿತ್ರ ಎಷ್ಟು ದೊಡ್ಡದೋ ಮೂಲಪ್ರತಿಯೂ ಅಷ್ಟೇ ದೊಡ್ಡದಿರಬೇಕು; ಅದಕ್ಕೆ ತಕ್ಕಂತೆ ಪೆಟ್ಟಿಗೆಯೂ ಭಾರವಾಗಿರಬೇಕು. ಕಾಗದಕ್ಕೆ ಕರಗಿದ ಮೇಣವನ್ನು ಕುಡಿಸಿ, ಲವಣದ್ರಾವಣದಲ್ಲಿ ಅದ್ದಿ, ಬೆಳ್ಳಿಯ ದ್ರಾವಣದಿಂದ ಬೆಳಕಿಗೆ ಸ್ಪಂದಿಸುವಂತೆ ಮಾಡಬೇಕು. ಗಾಜಿನ ಫಲಕವನ್ನಾದರೋ ಒದ್ದೆಯಿರುವಾಗಲೇ ಸ್ಥಳದಲ್ಲಿ ಸಂಸ್ಕರಿಸಬೇಕಿತ್ತು. ಮೇಣದ ಕಾಗದಕ್ಕೆ ಆ ಅವಸರವಿರಲಿಲ್ಲ. ಮೊದಲೇ ಸಿದ್ಧಮಾಡಿ ಒಯ್ಯಬಹುದಿತ್ತು. ಆದರೆ ಅದು ಬೆಳಕನ್ನು ಹೀರಲು ನಿಮಿಷಗಟ್ಟಲೆ ಕಾಲ ಬೇಕು. ಬೆಳಕನ್ನು ಅಳೆಯುವ ಉಪಕರಣವೂ ಇರಲಿಲ್ಲ. ಬಿಸಿಲಿನ ಬಣ್ಣ, ಬಂಡೆಯ ಕಾವು, ನೆರಳಿನ ಉದ್ದ ಇವುಗಳನ್ನು ಬಯಲಲ್ಲಿ ನಿಂತು ನೋಡಿ ಕಲಿತ ಅನುಭವವೇ ಮಾಪನ. ಗ್ರಂಥದಿಂದ ರಸಾಯನದ ಪ್ರಮಾಣವನ್ನು ತಿಳಿಯಬಹುದು. ವಿಠ್ಠಲ ದೇವಾಲಯದ ಮೇಲೆ ಬಿಸಿಲು ಯಾವ ಹೊತ್ತಿಗೆ ಹೇಗೆ ಬೀಳುತ್ತದೆಂಬುದನ್ನು ಅಲ್ಲಿ ನಿಂತೇ ತಿಳಿಯಬೇಕು.

ಹೀಗೆ ದೊರೆತ ಫಲ ಅಮೂಲ್ಯವಾದುದು. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಅರಿಯದವರಿಲ್ಲ. ಗ್ರೀನ್‌ಲಾ ಅವರ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತದೆ. ಇಂದು ಅದಿಲ್ಲ. ಅವರು ಅಂದು ಬಿಸಿಲಿನಲ್ಲಿ ನಿಂತುದರಿಂದ ಆ ಶಿಖರವಿದ್ದ ರಥವನ್ನು ನಾವು ಹೀಗೆ ಕಣ್ಣಾರೆ ಕಾಣುವಂತಾಗಿದೆ.

1870ರಲ್ಲಿ ಅವರು ತೀರಿಕೊಂಡರು. ಅವರ ಹಂಪೆಯ ಚಿತ್ರಗಳು ಬಹುಕಾಲ ಜನರ ಕಣ್ಣಿಗೆ ಬೀಳದೆ ಉಳಿದವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬ ಛಾಯಾಚಿತ್ರಕಾರರು ಅವರು ನಿಂತ ಸ್ಥಳಗಳನ್ನೇ ಹುಡುಕಿ, ಅದೇ ದೃಶ್ಯಗಳನ್ನು ಮತ್ತೆ ಚಿತ್ರಿಸಿದರು. ಇದಕ್ಕಾಗಿ ಅವರೂ ಬಂಡೆ ಹತ್ತಬೇಕಾಯಿತು, ನಡೆಯಬೇಕಾಯಿತು. ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಿದಾಗ, ನೂರಿಪ್ಪತ್ತೇಳು ವರ್ಷಗಳಲ್ಲಿ ನಾವು ಉಳಿಸಿಕೊಂಡದ್ದೇನು, ಕಳೆದುಕೊಂಡದ್ದೇನು ಎಂಬುದು ಎದುರಿಗೆ ನಿಲ್ಲುತ್ತದೆ. 1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಗ್ರೀನ್‌ಲಾ ಅವರು ಪರದೇಶೀಯರು, ಪರರ ಆಳ್ವಿಕೆಯ ಸೇವಕರು. ಆದರೂ ಅವರ ಶ್ರಮದ ಋಣ ನಮ್ಮ ಮೇಲಿದೆ. ಇಂದು ಪ್ರತಿಯೊಬ್ಬರ ಕಿಸೆಯಲ್ಲಿಯೂ ಛಾಯಾಯಂತ್ರವಿದೆ. ಚಿತ್ರ ತೆಗೆಯಲು ಕ್ಷಣ ಸಾಕು. ಆದರೆ ನೋಡಲು ಕ್ಷಣ ಸಾಲದು. ದಾನಿಗಳ ಔದಾರ್ಯದಿಂದ ಶಾಲೆಗೆ ಉಪಕರಣಗಳು ಬಂದಾವು. ಬೆಳಗಿನ ಜಾವ ಮಕ್ಕಳ ಕೈಹಿಡಿದು ಬೆಟ್ಟ ಹತ್ತಿಸುವ ಹೊಣೆ ಮಾತ್ರ ಅಧ್ಯಾಪಕರದು. ವರ್ಷಕ್ಕೊಮ್ಮೆಯಾದರೂ ಮಕ್ಕಳು ಹೊಳೆದಂಡೆಯಲ್ಲಿ ನಿಂತು, ಬಂಡೆಯ ಮೇಲೆ ಬೆಳಕು ಸರಿಯುವುದನ್ನು ಮೌನವಾಗಿ ನೋಡಲಿ. ಚಿತ್ರ ತೆಗೆಯುವುದು ಆಮೇಲಿನ ಮಾತು.