ಪ್ರೇಮಾ ಕಾರಂತರು ಮತ್ತು ನಮ್ಮ ಮಕ್ಕಳ ನಾಟಕ

ಕಳೆದ ವರ್ಷ ರಾಜ್ಯೋತ್ಸವಕ್ಕೆ ಸಂಘದ ಹೈಸ್ಕೂಲು ಮಕ್ಕಳಿಂದ ನಾಟಕ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲ ಪುಣೆಯಲ್ಲೇ ಬೆಳೆದ ಮಕ್ಕಳು. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಹಿಂದಿ. ಕನ್ನಡದಲ್ಲಿ ಬಾಯಿ ತೆರೆದರೆ ಯಾರಾದರೂ ನಗುತ್ತಾರೇನೋ ಎಂಬ ಅಳುಕು. ಎಲ್ಲರಿಗಿಂತ ಹಿಂದೆ ಕೂತವಳು ನನ್ನ ಮಗಳೇ. ಒಂದು ಸಾಲು ಜೋರಾಗಿ ಹೇಳು ಅಂತ ಎಲ್ಲರೆದುರು ಗದರಿಬಿಟ್ಟೆ. ಮರುದಿನ ಅವಳು ತಾಲೀಮಿಗೆ ಬರಲಿಲ್ಲ. ಆಗ ನನಗೆ ನೆನಪಾದವರು ಪ್ರೇಮಾ ಕಾರಂತರು.

1936ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಪ್ರೇಮಾ ಚಿಕ್ಕಂದಿನಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡು ಶಿಡ್ಲಘಟ್ಟದಲ್ಲಿ ಅಜ್ಜ-ಅಜ್ಜಿಯ ಆಸರೆಯಲ್ಲಿ ಬೆಳೆದರು. ಓದಿ ಶಿಕ್ಷಕಿಯಾದರು. 1958ರಲ್ಲಿ ಬಿ.ವಿ. ಕಾರಂತರನ್ನು ಮದುವೆಯಾಗಿ ಮೊದಲು ಕಾಶಿಗೆ, ಆಮೇಲೆ ದಿಲ್ಲಿಗೆ ಹೋದರು. ಪತಿ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿಯುತ್ತಿದ್ದಾಗ ಇವರು ಪಾಠ ಹೇಳಿ ಸಂಸಾರ ತೂಗಿಸಿದರು. ಊರು ಬಿಟ್ಟು ಬಂದ ನಮ್ಮಲ್ಲಿ ಹಲವರಿಗೆ ಇದು ಪರಿಚಿತ ಕತೆಯೇ. ಆದರೆ ಪ್ರೇಮಾ ಅಷ್ಟಕ್ಕೇ ನಿಲ್ಲಲಿಲ್ಲ. ಮೂವತ್ತು ದಾಟಿದ ಮೇಲೆ ತಾವೂ ಅದೇ ನಾಟಕ ಶಾಲೆಗೆ ವಿದ್ಯಾರ್ಥಿನಿಯಾಗಿ ಸೇರಿದರು!

ಬೆಂಗಳೂರಿಗೆ ಮರಳಿದ ಮೇಲೆ ರಂಗದ ಹಿಂದಿನ ಕೆಲಸಕ್ಕೆ ಕೈಹಾಕಿದರು. ನಾಟಕಗಳಿಗೆ ಉಡುಪು, ರಂಗಸಜ್ಜಿಕೆ, ಜಿ.ವಿ. ಅಯ್ಯರ್ ಅವರ 'ಹಂಸಗೀತೆ' ಚಿತ್ರಕ್ಕೂ ವಸ್ತ್ರವಿನ್ಯಾಸ. ನಾಟಕಗಳನ್ನೂ ನಿರ್ದೇಶಿಸಿದರು. 1979ರಲ್ಲಿ ಬೆನಕ ತಂಡದ ಮಕ್ಕಳ ವಿಭಾಗ ಕಟ್ಟಿ, ಮಕ್ಕಳಿಗಾಗಿ ಮಕ್ಕಳಿಂದಲೇ ನಾಟಕ ಆಡಿಸಿದರು. 'ಅಳಿಲು ರಾಮಾಯಣ' ಇಂದಿಗೂ ಹಲವರ ನೆನಪಿನಲ್ಲಿದೆ. ವೀರಾಧಿವೀರರ ನಡುವೆ ಒಂದು ಅಳಿಲು! ಅಂಜುವ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾತ್ರ ಬೇಕೆ?

ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ 1983ರಲ್ಲಿ 'ಫಣಿಯಮ್ಮ' ಚಿತ್ರ ನಿರ್ದೇಶಿಸಿದರು. ಬಾಲವಿಧವೆ ಫಣಿಯಮ್ಮ ಬದುಕಿಡೀ ಮೌನವಾಗಿ ಸವೆದವಳು. ಕೇಶಮುಂಡನ ಬೇಡವೆಂದ ಇನ್ನೊಬ್ಬ ಎಳೆಯ ವಿಧವೆಯ ಪರವಾಗಿ ಮಾತಾಡುವ ಗಳಿಗೆ ಬಂದಾಗ ಅವಳೇ ಮಾತಾಡುತ್ತಾಳೆ. ಪ್ರೇಮಾ ಈ ಕತೆಯನ್ನೇ ಏಕೆ ಆರಿಸಿದರೆಂದು ನನಗೆ ಆಗಾಗ ಅನಿಸುವುದುಂಟು. 2007ರಲ್ಲಿ ಅವರು ತೀರಿಕೊಂಡರು.

ನಾನು ಮಗಳ ಮುಂದೆ ಹಳೆಯ ಸೀರೆಗಳ ಗಂಟು ಇಟ್ಟೆ. ಮಾತು ಬೇಡ, ಎಲ್ಲರಿಗೂ ಉಡುಪು ಮಾಡಿಕೊಡು ಎಂದೆ. ಬಂದಳು. ಅಳತೆ ತೆಗೆಯುತ್ತ, ಪಿನ್ನು ಚುಚ್ಚುತ್ತ ಎಲ್ಲರ ಮಾತೂ ಅವಳಿಗೆ ಬಾಯಿಪಾಠವಾಗಿತ್ತು. ಮೂರನೇ ವಾರ ಒಬ್ಬ ಹುಡುಗ ಬಂದಿರಲಿಲ್ಲ. ಅವನ ಸಾಲು ಬಂದಾಗ ಮೂಲೆಯಿಂದ ಅವಳ ದನಿ ಕೇಳಿತು. ಯಾರೂ ನಗಲಿಲ್ಲ. ನಾನು ತಲೆ ಎತ್ತದೆ ಪುಟ ತಿರುಗಿಸಿದೆ.

ಕಾರ್ಯಕ್ರಮದ ದಿನ ಅವಳಿಗೆ ಎರಡೇ ಸಾಲು ಮಾತು. ಎರಡನೆಯದನ್ನು ಅರ್ಧ ನುಂಗಿದಳು. ಈ ವರ್ಷ ಬಟ್ಟೆಯ ಉಸ್ತುವಾರಿಯನ್ನು ಬೇರೆ ಯಾರಿಗಾದರೂ ಕೊಡಬೇಕಂತೆ.