ಫ್ರಾನ್ಸಿಸ್ ಗ್ಯಾನೋ ಬೆನೆಡಿಕ್ಟ್

ಫ್ರಾನ್ಸಿಸ್ ಗ್ಯಾನೋ ಬೆನೆಡಿಕ್ಟ್ (ಅಕ್ಟೋಬರ್ 3, 1870 – ಮೇ 14, 1957) ಅಮೆರಿಕದ ರಸಾಯನಶಾಸ್ತ್ರಜ್ಞರು ಮತ್ತು ಪೋಷಣಶಾಸ್ತ್ರಜ್ಞರು. ಪೂರ್ಣ ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯನ್ನು, ಅಂದರೆ ಮೂಲ ಚಯಾಪಚಯ ದರವನ್ನು, ಅಳೆಯುವ ವಿಧಾನಗಳನ್ನು ರೂಪಿಸಿದವರಲ್ಲಿ ಇವರು ಪ್ರಮುಖರು. ಜೆ. ಆರ್ಥರ್ ಹ್ಯಾರಿಸ್ ಅವರೊಡನೆ ರಚಿಸಿದ ಹ್ಯಾರಿಸ್-ಬೆನೆಡಿಕ್ಟ್ ಸಮೀಕರಣ ಇಂದಿಗೂ ಬಳಕೆಯಲ್ಲಿದೆ. ಆಹಾರ ಕಡಿಮೆ ಮಾಡಿದಾಗ ದೇಹವು ತನ್ನ ವ್ಯಯವನ್ನೂ ತಗ್ಗಿಸಿಕೊಳ್ಳುತ್ತದೆ, ಆದ್ದರಿಂದ ತೂಕ ಇಳಿಯುವುದು ಒಂದು ಹಂತದಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಇವರ ಪ್ರಯೋಗಗಳು ಆರಂಭದ ಬಲವಾದ ಸಾಕ್ಷ್ಯ ಒದಗಿಸಿದವು.

ಸಕ್ಕರೆ ಪತ್ತೆಗೆ ಶಾಲೆ-ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಬಳಸುವ ಬೆನೆಡಿಕ್ಟ್ ದ್ರಾವಣಕ್ಕೂ ಇವರಿಗೂ ಸಂಬಂಧವಿಲ್ಲ. ಅದು ಸ್ಟ್ಯಾನ್ಲಿ ರೋಸಿಟರ್ ಬೆನೆಡಿಕ್ಟ್ ಎಂಬ ಬೇರೊಬ್ಬ ರಸಾಯನಶಾಸ್ತ್ರಜ್ಞರ ಕೊಡುಗೆ.

ಶಿಕ್ಷಣ ಮತ್ತು ಆರಂಭದ ವೃತ್ತಿ

ಬೆನೆಡಿಕ್ಟ್ ಅವರು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಜನಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1893ರಲ್ಲಿ ಪದವಿ, ಮರುವರ್ಷ ಸ್ನಾತಕೋತ್ತರ ಪದವಿ ಪಡೆದು, 1895ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಡಾಕ್ಟರೇಟ್ ಗಳಿಸಿದರು. ಬಳಿಕ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಆಟ್‌ವಾಟರ್ ಅವರ ಸಹಾಯಕರಾದರು. ಆಟ್‌ವಾಟರ್ ಮತ್ತು ಭೌತವಿಜ್ಞಾನಿ ಎಡ್ವರ್ಡ್ ರೋಸಾ ಅಲ್ಲಿ ಉಸಿರಾಟ-ಉಷ್ಣಮಾಪಕ ಎಂಬ ಕೋಣೆಯನ್ನು ನಿರ್ಮಿಸಿದ್ದರು. ಮನುಷ್ಯನೊಬ್ಬ ಅದರೊಳಗೆ ದಿನಗಟ್ಟಲೆ ಇದ್ದು ಉಣ್ಣಬಹುದಿತ್ತು, ಮಲಗಬಹುದಿತ್ತು, ಸೈಕಲ್ ತುಳಿಯಬಹುದಿತ್ತು. ಅವನು ಹೊರಸೂಸಿದ ಶಾಖ, ಬಿಟ್ಟ ಇಂಗಾಲದ ಡೈಆಕ್ಸೈಡ್, ತಿಂದ ಆಹಾರ ಎಲ್ಲದಕ್ಕೂ ಲೆಕ್ಕವಿಡಲಾಗುತ್ತಿತ್ತು. ಶಕ್ತಿ ಸಂರಕ್ಷಣಾ ನಿಯಮ ಮನುಷ್ಯದೇಹಕ್ಕೂ ಅನ್ವಯಿಸುತ್ತದೆ ಎಂಬುದನ್ನು ಈ ಪ್ರಯೋಗಗಳು ದೃಢಪಡಿಸಿದವು. 1904ರಲ್ಲಿ ಆಟ್‌ವಾಟರ್ ಪಾರ್ಶ್ವವಾಯುವಿಗೆ ತುತ್ತಾದಾಗ ಕೆಲಸದ ಹೊಣೆ ಬೆನೆಡಿಕ್ಟ್ ಅವರ ಮೇಲೆ ಬಿತ್ತು.

1907ರಲ್ಲಿ ಕಾರ್ನೆಗಿ ಸಂಸ್ಥೆ ಬಾಸ್ಟನ್‌ನಲ್ಲಿ ಪೋಷಣ ಪ್ರಯೋಗಾಲಯ ಸ್ಥಾಪಿಸಿ ಇವರನ್ನು ನಿರ್ದೇಶಕರನ್ನಾಗಿ ನೇಮಿಸಿತು. 1937ರಲ್ಲಿ ನಿವೃತ್ತರಾಗುವವರೆಗೂ ಅವರು ಅದೇ ಹುದ್ದೆಯಲ್ಲಿದ್ದರು. ಪತ್ನಿ ಕಾರ್ನೀಲಿಯಾ ಗೋಲೇ ಬೆನೆಡಿಕ್ಟ್ ಅನೇಕ ಸಂಶೋಧನೆಗಳಲ್ಲಿ ಸಹಭಾಗಿಯಾಗಿದ್ದರು.

ಮೂವತ್ತೊಂದು ದಿನಗಳ ಉಪವಾಸ

1912ರ ಏಪ್ರಿಲ್-ಮೇ ತಿಂಗಳಲ್ಲಿ ಮಾಲ್ಟಾದ ಅಗೊಸ್ಟಿನೊ ಲೆವಾಂಜಿನ್ ಎಂಬಾತ ಬಾಸ್ಟನ್ ಪ್ರಯೋಗಾಲಯದಲ್ಲಿ 31 ದಿನ ಕೇವಲ ಭಟ್ಟಿ ಇಳಿಸಿದ ನೀರು ಕುಡಿದು ಉಪವಾಸವಿದ್ದ. ರಾತ್ರಿ ಮಲಗುತ್ತಿದ್ದುದು ಉಷ್ಣಮಾಪಕದೊಳಗೆ. ಸುಮಾರು 60 ಕಿ.ಗ್ರಾಂ ಇದ್ದ ಅವನ ತೂಕ 47 ಕಿ.ಗ್ರಾಂ ಸಮೀಪಕ್ಕೆ ಬಂತು. ಶಾಖೋತ್ಪಾದನೆ ಕಾಲುಭಾಗಕ್ಕೂ ಹೆಚ್ಚು ಇಳಿಯಿತು. 1915ರಲ್ಲಿ ಪ್ರಕಟವಾದ ಈ ವರದಿ ಉಪವಾಸದ ಶರೀರಕ್ರಿಯೆಯ ಬಗೆಗಿನ ಪ್ರಮುಖ ಆಕರವಾಗಿ ಉಳಿಯಿತು.

ಸ್ಪ್ರಿಂಗ್‌ಫೀಲ್ಡ್ ಪ್ರಯೋಗ

ಒಂದನೆಯ ಮಹಾಯುದ್ಧದ ಕಾಲದಲ್ಲಿ ಯುರೋಪಿನಲ್ಲಿ ಆಹಾರದ ಅಭಾವ ತಲೆದೋರಿತ್ತು. ಕಡಿಮೆ ಆಹಾರದಲ್ಲಿ ಜನರು ಎಷ್ಟರಮಟ್ಟಿಗೆ ಕೆಲಸ ಮಾಡಬಲ್ಲರು ಎಂದು ತಿಳಿಯಲು ಬೆನೆಡಿಕ್ಟ್ ಮತ್ತು ಸಂಗಡಿಗರು 1917ರ ಶರತ್ಕಾಲದಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ಕಾಲೇಜಿನ 12 ವಿದ್ಯಾರ್ಥಿಗಳ ಮೇಲೆ ಪ್ರಯೋಗ ಆರಂಭಿಸಿದರು. ಇನ್ನೊಂದು ತಂಡವನ್ನು ಹೋಲಿಕೆಗೆ ಇಟ್ಟುಕೊಂಡು, ಮುಂದೆ ಅದಕ್ಕೂ ಸುಮಾರು ಮೂರು ವಾರ ಕಡಿಮೆ ಆಹಾರ ಕೊಡಲಾಯಿತು.

ವಿದ್ಯಾರ್ಥಿಗಳು ಮೊದಲು ದಿನಕ್ಕೆ 3200ರಿಂದ 3600 ಕಿಲೋಕ್ಯಾಲೊರಿ ತಿನ್ನುತ್ತಿದ್ದರು. (ಆಹಾರದ ವಿಷಯದಲ್ಲಿ ರೂಢಿಯಲ್ಲಿ ಕ್ಯಾಲೊರಿ ಎನ್ನುವುದು ಕಿಲೋಕ್ಯಾಲೊರಿಯನ್ನೇ.) ಇದನ್ನು ಬಹಳಷ್ಟು ತಗ್ಗಿಸಿ, ತೂಕ ಶೇಕಡ 10ರಿಂದ 12ರಷ್ಟು ಇಳಿದ ಮೇಲೆ, ಆ ತೂಕದಲ್ಲಿ ನಿಲ್ಲಲು ಬೇಕಾಗುವಷ್ಟು ಆಹಾರ ನೀಡಲಾಯಿತು. ಹಾಗೆ ನಿಲ್ಲಲು ಬೇಕಾದ ಪ್ರಮಾಣ ಮೊದಲಿನದಕ್ಕಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಗಿತ್ತು. ತೂಕದ ಇಳಿಕೆ ಹತ್ತರಲ್ಲಿ ಒಂದು ಭಾಗ, ಆದರೆ ಆಹಾರದ ಅಗತ್ಯದ ಇಳಿಕೆ ಮೂರರಲ್ಲಿ ಒಂದು ಭಾಗ. ಇಡೀ ಪ್ರಯೋಗದ ತಿರುಳು ಈ ಅಸಮಾನತೆಯಲ್ಲಿದೆ. ವಿದ್ಯಾರ್ಥಿಗಳ ನಾಡಿಬಡಿತ ನಿಧಾನವಾಯಿತು, ಚಳಿ ಹೆಚ್ಚು ಕಾಡಿತು, ಮೂಲ ಚಯಾಪಚಯ ದರ ತೂಕದ ಇಳಿಕೆಗೆ ಮೀರಿ ಕುಸಿಯಿತು. ವರದಿ 1919ರಲ್ಲಿ ಪ್ರಕಟವಾಯಿತು. ಇಂದು ಇದನ್ನು ಹೊಂದಾಣಿಕೆಯ ಉಷ್ಣೋತ್ಪಾದನೆ ಎನ್ನುತ್ತಾರೆ.

ಆನ್ಸೆಲ್ ಕೀಸ್ ಅವರು 1944-45ರಲ್ಲಿ ಮಿನೆಸೋಟದಲ್ಲಿ 36 ಯುವಕರ ಮೇಲೆ 24 ವಾರಗಳ ಅರೆ-ಉಪವಾಸದ ಪ್ರಯೋಗ ನಡೆಸಿದಾಗಲೂ ಇದೇ ಪ್ರವೃತ್ತಿ ಕಂಡಿತು. ಕೊನೆಯ ವಾರಗಳಲ್ಲಿ ತೂಕದ ಇಳಿಕೆ ಬಹುಪಾಲು ನಿಂತಿತ್ತು. ಬಾವು ಬಂದು ದೇಹದಲ್ಲಿ ನೀರು ಉಳಿದುದರಿಂದ, ಕೊಬ್ಬು ಕರಗಿದರೂ ತಕ್ಕಡಿ ಅದನ್ನು ಪೂರ್ಣವಾಗಿ ತೋರಿಸುತ್ತಿರಲಿಲ್ಲ.

ಹ್ಯಾರಿಸ್-ಬೆನೆಡಿಕ್ಟ್ ಸಮೀಕರಣ

136 ಪುರುಷರು ಮತ್ತು 103 ಸ್ತ್ರೀಯರ ಅಳತೆಗಳನ್ನು ಆಧರಿಸಿ 1918-19ರಲ್ಲಿ ಈ ಸಮೀಕರಣಗಳು ಪ್ರಕಟವಾದವು. ತೂಕವನ್ನು ಕಿಲೋಗ್ರಾಂನಲ್ಲಿ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ, ವಯಸ್ಸನ್ನು ವರ್ಷದಲ್ಲಿ ತೆಗೆದುಕೊಂಡರೆ, ದಿನದ ಮೂಲ ವ್ಯಯ ಕಿಲೋಕ್ಯಾಲೊರಿಯಲ್ಲಿ ಹೀಗೆ ದೊರೆಯುತ್ತದೆ:

ಪುರುಷರಿಗೆ: 66.47 + (13.75 × ತೂಕ) + (5.00 × ಎತ್ತರ) − (6.76 × ವಯಸ್ಸು)

ಸ್ತ್ರೀಯರಿಗೆ: 655.10 + (9.56 × ತೂಕ) + (1.85 × ಎತ್ತರ) − (4.68 × ವಯಸ್ಸು)

ತೂಕ ಇಳಿಸುವವರಿಗೆ ಈ ಸಮೀಕರಣ ಏನು ಹೇಳುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಬಹುದು. 40 ವರ್ಷದ, 155 ಸೆಂ.ಮೀ. ಎತ್ತರದ, 70 ಕಿ.ಗ್ರಾಂ ತೂಕದ ಮಹಿಳೆಯ ಮೂಲ ವ್ಯಯ ಸುಮಾರು 1424. ಓಡಾಟ, ಮನೆಗೆಲಸ ಸೇರಿಸಿ ಅದರ ಒಂದೂವರೆ ಪಟ್ಟು ಹಿಡಿದರೆ 2136. ಆಕೆ 1636 ಕಿಲೋಕ್ಯಾಲೊರಿಗೆ ಇಳಿದರೆ ದಿನದ ಕೊರತೆ 500. ತೂಕ 62 ಕಿ.ಗ್ರಾಂ ಆದಾಗ ಮೂಲ ವ್ಯಯ 1347, ಒಟ್ಟು 2021. ಊಟ ಬದಲಾಗದಿದ್ದರೂ ಕೊರತೆ 385ಕ್ಕೆ ಕುಗ್ಗಿರುತ್ತದೆ. ಕಡಿಮೆಯಾದ ಈ 115 ಕಿಲೋಕ್ಯಾಲೊರಿ ವಿಜಯಪುರದ ಕಡೆಯ ಅಡುಗೆಮನೆಯ ಲೆಕ್ಕದಲ್ಲಿ ದೊಡ್ಡದೇನಲ್ಲ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 170 ಕಿಲೋಕ್ಯಾಲೊರಿ ಇರುತ್ತದೆ. ಆದರೆ ಇದಕ್ಕೆ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಂಡ ಹೊಂದಾಣಿಕೆಯೂ, ದಿನ ಕಳೆದಂತೆ ಅರಿವಿಲ್ಲದೆ ಹೆಚ್ಚುವ ತುತ್ತುಗಳೂ, ಕಡಿಮೆಯಾಗುವ ಓಡಾಟವೂ ಸೇರಿದರೆ ತೂಕ ನಿಲ್ಲುತ್ತದೆ. ಆದ್ದರಿಂದಲೇ ತೂಕ ನಿಂತಾಗ ಹಳೆಯ ತೂಕದ ಲೆಕ್ಕ ಬಿಟ್ಟು ಹೊಸ ತೂಕಕ್ಕೆ ಲೆಕ್ಕ ಹಾಕಿ, ಆಹಾರವನ್ನು ಸ್ವಲ್ಪವೇ ತಗ್ಗಿಸುವುದು ಅಥವಾ ಚಟುವಟಿಕೆ ಹೆಚ್ಚಿಸುವುದು ರೂಢಿ. ಒಮ್ಮೆಲೆ ಬಹಳ ಇಳಿಸಿದರೆ ಸ್ನಾಯುವೂ ಕರಗಿ ಮೂಲ ವ್ಯಯ ಇನ್ನಷ್ಟು ಕುಸಿಯುತ್ತದೆ.

ಸಮೀಕರಣವು ಇಂದಿನ ಜನರಲ್ಲಿ ವ್ಯಯವನ್ನು ತುಸು ಹೆಚ್ಚಾಗಿ ತೋರಿಸುತ್ತದೆ ಎಂಬ ಆಕ್ಷೇಪವಿದೆ. 1984ರಲ್ಲಿ ಅದನ್ನು ಪರಿಷ್ಕರಿಸಲಾಯಿತು. 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೋರ್ ಸಮೀಕರಣವನ್ನು ಈಗ ಹಲವರು ಮೇಲೆಂದು ಎಣಿಸುತ್ತಾರೆ.

ದಕ್ಷಿಣ ಭಾರತದ ಅಧ್ಯಯನಗಳು

ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನ ಎಲಿನರ್ ಮೇಸನ್ ಅವರೊಡನೆ ಬೆನೆಡಿಕ್ಟ್ 1931ರಲ್ಲಿ ದಕ್ಷಿಣ ಭಾರತದ ಸ್ತ್ರೀಯರ ಮೂಲ ಚಯಾಪಚಯದ ಅಧ್ಯಯನ ಪ್ರಕಟಿಸಿದರು. ಅವರ ದರ ಅಮೆರಿಕದ ಮಾನದಂಡಕ್ಕಿಂತ ಸುಮಾರು ಶೇಕಡ 17ರಷ್ಟು ಕಡಿಮೆ ಇತ್ತು. 1934ರ ಇನ್ನೊಂದು ಪ್ರಬಂಧ ನಿದ್ರೆಯ ಪ್ರಭಾವವನ್ನು ಪರಿಶೀಲಿಸಿತು. ಈ ಕಾಲದಲ್ಲಿ ಬೆನೆಡಿಕ್ಟ್ ಬೇರೆ ಬೇರೆ ಜನಸಮುದಾಯಗಳ ದರಗಳನ್ನು ಹೋಲಿಸಿ, ಜನಾಂಗವೇ ಒಂದು ಕಾರಣವಾಗಿರಬಹುದೆಂದು ಭಾವಿಸಿದ್ದರು. ಅವರ ಕೃತಿಗಳಲ್ಲಿ ಕಾಲಕ್ಕೆ ನಿಲ್ಲದ ಭಾಗ ಇದು. ಹೀಗೆ ಭಾವಿಸಿದರೆ ಭಾರತೀಯರಿಗೆ ಆಹಾರವೇ ಕಡಿಮೆ ಸಾಕು ಎಂಬ ಅನರ್ಥಕ್ಕೂ ದಾರಿಯಾಗುತ್ತಿತ್ತು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ 1980 ಮತ್ತು 90ರ ದಶಕಗಳಲ್ಲಿ ಪಿ. ಎಸ್. ಶೆಟ್ಟಿ, ಎಂ. ಜೆ. ಸೋರೆಸ್, ಎ. ವಿ. ಕುರ್ಪಾಡ್ ಮೊದಲಾದವರು ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ಪಾಶ್ಚಾತ್ಯ ಸಮೀಕರಣಗಳು ಭಾರತೀಯರ ವ್ಯಯವನ್ನು ಹೆಚ್ಚಾಗಿ ಅಂದಾಜಿಸುವುದು ನಿಜವೆಂದು ಕಂಡಿತು. ಆದರೆ ಸೋರೆಸ್ ಮತ್ತು ಸಂಗಡಿಗರ 1998ರ ಅಧ್ಯಯನದಲ್ಲಿ, ಕೊಬ್ಬನ್ನು ಹೊರತುಪಡಿಸಿದ ದೇಹದ್ರವ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಭಾರತೀಯರಿಗೂ ಆಸ್ಟ್ರೇಲಿಯಾದವರಿಗೂ ಜನಾಂಗೀಯ ವ್ಯತ್ಯಾಸ ಉಳಿಯಲಿಲ್ಲ. ವ್ಯತ್ಯಾಸ ಇರುವುದು ದೇಹರಚನೆಯಲ್ಲಿ.

ಮೇಲಿನ ಉದಾಹರಣೆಯಲ್ಲಿ ನಿಜವಾದ ವ್ಯಯ ಶೇಕಡ 10ರಷ್ಟು ಕಡಿಮೆ ಎಂದಿಟ್ಟುಕೊಂಡರೆ, ಆರಂಭದ ಕೊರತೆ 500 ಆಗದೆ ಸುಮಾರು 285 ಆಗುತ್ತದೆ, 62 ಕಿ.ಗ್ರಾಂ ತಲುಪುವ ವೇಳೆಗೆ 185ಕ್ಕೆ ಇಳಿಯುತ್ತದೆ. ಹೊರದೇಶದ ಕೋಷ್ಟಕ ನೋಡಿ ಪಥ್ಯ ಮಾಡುವವರಿಗೆ ತೂಕ ಬೇಗ ನಿಂತಂತೆ ಕಾಣಲು ಇದೂ ಒಂದು ಕಾರಣವಾಗಬಹುದು.

ಇತರ ಕೆಲಸ ಮತ್ತು ಕೊನೆಯ ವರ್ಷಗಳು

ಇಲಿಯಿಂದ ಆನೆಯವರೆಗೆ ಹಲವು ಪ್ರಾಣಿಗಳ ಶಕ್ತಿವ್ಯಯವನ್ನು ಬೆನೆಡಿಕ್ಟ್ ಅಳೆದರು. ಆನೆಯ ಶರೀರಕ್ರಿಯೆಯ ಕುರಿತ ಅವರ ಗ್ರಂಥ 1936ರಲ್ಲಿ ಪ್ರಕಟವಾಯಿತು. ಉಸಿರಾಟ ಅಳೆಯುವ ಬೆನೆಡಿಕ್ಟ್-ರಾತ್ ಉಪಕರಣ ಭಾರತದ ವೈದ್ಯಕೀಯ ವಿದ್ಯಾರ್ಥಿಗಳಿಗೂ ಪರಿಚಿತ. 1914ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಚುನಾಯಿತರಾದರು. ಜಾದೂ ಪ್ರದರ್ಶನ ಅವರ ಹವ್ಯಾಸವಾಗಿತ್ತು. ನಿವೃತ್ತಿಯ ಬಳಿಕ ಮೈನ್ ರಾಜ್ಯದ ಮಚಯಾಸ್‌ಪೋರ್ಟ್‌ನಲ್ಲಿ ನೆಲೆಸಿ, 1957ರಲ್ಲಿ ಅಲ್ಲಿಯೇ ನಿಧನರಾದರು.