ಗಾಂಧಿಗ್ರಾಮದ ಡಾಕ್ಟರಮ್ಮ

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಹನುಮಂತನಪಟ್ಟಿ ಎಂಬ ಊರು ಇದೆ. ಸುತ್ತಲೂ ಬೆಟ್ಟಗಳು, ನಡುವೆ ಮುಲ್ಲೈಪೆರಿಯಾರ್ ನೀರು ಹರಿಯುವ ಗದ್ದೆಗಳು, ದ್ರಾಕ್ಷಿ ತೋಟಗಳು. ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡ ಮಾತನಾಡುವ ಅನೇಕ ಕುಟುಂಬಗಳಿವೆ. ಅಲ್ಲಿಂದ ಬಸ್ಸು ಹತ್ತಿ ತೇನಿ, ಪೆರಿಯಕುಳಂ, ವತ್ತಲಗುಂಡು ದಾಟಿದರೆ ದಿಂಡಿಗಲ್ಲು ಸಿಗುತ್ತದೆ. ದಿಂಡಿಗಲ್ಲಿನಿಂದ ಮಧುರೆಯ ಕಡೆಗೆ ಹೋಗುವ ದಾರಿಯಲ್ಲಿ, ಸಿರುಮಲೆ ಬೆಟ್ಟದ ತಪ್ಪಲಿನಲ್ಲಿ, ಗಾಂಧಿಗ್ರಾಮವಿದೆ. ಶಾಲೆಯ ಮಕ್ಕಳು ಪ್ರವಾಸಕ್ಕೆಂದು ಈ ಕಡೆ ಬಂದಾಗ ಕೊಡೈಕಾನಲ್ ನೋಡುತ್ತಾರೆ, ವೈಗೈ ಅಣೆಕಟ್ಟು ನೋಡುತ್ತಾರೆ. ಗಾಂಧಿಗ್ರಾಮದಲ್ಲಿ ಇಳಿಯುವವರು ಕಡಿಮೆ. ಇಳಿದು ನೋಡಬೇಕಾದ ಸ್ಥಳ ಅದು.

ಈ ಗಾಂಧಿಗ್ರಾಮವನ್ನು ಕಟ್ಟಿದವರು ಡಾಕ್ಟರ್ ಟಿ. ಎಸ್. ಸೌಂದರಂ ಮತ್ತು ಅವರ ಪತಿ ಜಿ. ರಾಮಚಂದ್ರನ್. ಈ ಪಾಠದಲ್ಲಿ ಸೌಂದರಂ ಅವರ ಬಾಳಿನ ಕಥೆಯನ್ನು ತಿಳಿಯೋಣ.

ಸೌಂದರಂ 1904ರ ಆಗಸ್ಟ್ 18ರಂದು ಹುಟ್ಟಿದರು. ಅವರ ತಂದೆ ಟಿ. ವಿ. ಸುಂದರಂ ಅಯ್ಯಂಗಾರ್. ರಸ್ತೆಯಲ್ಲಿ ಟಿ. ವಿ. ಎಸ್. ಎಂಬ ಹೆಸರಿರುವ ಬೈಕುಗಳನ್ನು ನೀವೆಲ್ಲ ನೋಡಿದ್ದೀರಿ. ಆ ಮೂರಕ್ಷರ ಸೌಂದರಂ ಅವರ ತಂದೆಯ ಹೆಸರಿನದೇ. ಮಧುರೆಯಲ್ಲಿ ಜನರು ಎತ್ತಿನ ಗಾಡಿಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಅವರು ಬಸ್ಸುಗಳನ್ನು ಓಡಿಸಿದರು. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ.

ಆದರೆ ಸಿರಿವಂತರ ಮನೆಯಲ್ಲಾಗಲಿ ಬಡವರ ಮನೆಯಲ್ಲಾಗಲಿ ಅಂದಿನ ಹೆಣ್ಣುಮಕ್ಕಳ ಪಾಡು ಒಂದೇ ಆಗಿತ್ತು. ಆಟವಾಡುವ ವಯಸ್ಸಿನಲ್ಲೇ ಮದುವೆ ಮಾಡಿಬಿಡುತ್ತಿದ್ದರು. ಸೌಂದರಂ ಅವರಿಗೂ ಚಿಕ್ಕ ವಯಸ್ಸಿನಲ್ಲೇ ಮದುವೆಯಾಯಿತು. ಗಂಡ ಸೌಂದರರಾಜನ್ ವೈದ್ಯರು. ಹೆಂಡತಿ ಓದಬೇಕು ಎಂಬ ಆಸೆ ಅವರಿಗಿತ್ತು. ದುರದೃಷ್ಟ, ಅವರು ಬೇಗನೆ ತೀರಿಕೊಂಡರು. ಸೌಂದರಂ ಎಳೆಯ ವಯಸ್ಸಿನಲ್ಲೇ ವಿಧವೆಯಾದರು.

ಆಗ ವಿಧವೆಯರ ಬದುಕು ಎಂಥದ್ದೆಂದು ಇಂದಿನ ಮಕ್ಕಳಿಗೆ ಊಹಿಸುವುದೂ ಕಷ್ಟ. ಹೂ ಮುಡಿಯುವಂತಿಲ್ಲ, ಬಣ್ಣದ ಸೀರೆ ಉಡುವಂತಿಲ್ಲ, ಮದುವೆ ಮನೆಯ ಮುಂಬಾಗಿಲಲ್ಲಿ ನಿಲ್ಲುವಂತಿಲ್ಲ. ಮನೆಯ ಒಂದು ಮೂಲೆಯಲ್ಲಿ ಬಾಳು ಸವೆಸಬೇಕಿತ್ತು. ವಿಧವೆಯರ ಮರುಮದುವೆಗೆ 1856ರಲ್ಲೇ ಕಾನೂನು ಒಪ್ಪಿಗೆ ಕೊಟ್ಟಿತ್ತು. ಕಾನೂನು ಒಪ್ಪಿದರೇನು, ಊರು ಒಪ್ಪಬೇಕಲ್ಲ!

ಸೌಂದರಂ ಮೂಲೆ ಸೇರಲಿಲ್ಲ. ಮತ್ತೆ ಪುಸ್ತಕ ಹಿಡಿದರು. ಊರು ಬಿಟ್ಟು, ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ದೆಹಲಿಗೆ ಹೋಗಿ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿಗೆ ಸೇರಿದರು. ಅದು ಹೆಣ್ಣುಮಕ್ಕಳಿಗಾಗಿಯೇ ಇದ್ದ ಕಾಲೇಜು. 1936ರಲ್ಲಿ ಡಾಕ್ಟರ್ ಆಗಿ ಹೊರಬಂದಾಗ ಅವರ ವಯಸ್ಸು ಮೂವತ್ತು ದಾಟಿತ್ತು. ಓದಿಗೆ ವಯಸ್ಸು ಮೀರಿತು ಎಂದು ಕೊರಗುವವರು ಈ ಲೆಕ್ಕವನ್ನು ನೆನಪಿಡಬಹುದು.

ಆ ಕಾಲೇಜಿನಲ್ಲಿ ಅವರಿಗೆ ಸುಶೀಲಾ ನಯ್ಯರ್ ಎಂಬ ಗೆಳತಿ ಸಿಕ್ಕರು. ಮುಂದೆ ಗಾಂಧೀಜಿಯವರ ಆರೋಗ್ಯ ನೋಡಿಕೊಂಡ ವೈದ್ಯೆ ಇವರೇ. ಸುಶೀಲಾ ಅವರ ಮೂಲಕ ಸೌಂದರಂ ಗಾಂಧೀಜಿಯವರನ್ನು ಕಂಡರು. ಹರಿಜನ ಸೇವೆಯ ಕೆಲಸದಲ್ಲಿ ತೊಡಗಿದಾಗ ಜಿ. ರಾಮಚಂದ್ರನ್ ಅವರ ಪರಿಚಯವಾಯಿತು. ರಾಮಚಂದ್ರನ್ ತಿರುವಾಂಕೂರಿನವರು, ರವೀಂದ್ರನಾಥ ಠಾಕೂರರ ಶಾಂತಿನಿಕೇತನದಲ್ಲಿ ಓದಿದವರು. ಇಬ್ಬರೂ ಮದುವೆಯಾಗಲು ಬಯಸಿದರು.

ಇವರ ಮಾತೃಭಾಷೆ ತಮಿಳು, ಅವರದು ಮಲಯಾಳಂ. ಜಾತಿಯೂ ಬೇರೆ. ಜೊತೆಗೆ ಇವರು ವಿಧವೆ. ತಂದೆತಾಯಿ ಒಪ್ಪಲಿಲ್ಲ. ಇಬ್ಬರೂ ಗಾಂಧೀಜಿಯವರ ಬಳಿ ಹೋದರು. ಗಾಂಧೀಜಿ ಬೇಡ ಎನ್ನಲಿಲ್ಲ, ಕೂಡಲೇ ಆಗಲಿ ಎಂದೂ ಹೇಳಲಿಲ್ಲ. ಒಂದು ವರ್ಷ ಇಬ್ಬರೂ ದೂರ ಇರಬೇಕು, ಒಬ್ಬರನ್ನೊಬ್ಬರು ನೋಡಬಾರದು, ಕಾಗದವನ್ನೂ ಬರೆಯಬಾರದು ಎಂದು ಕಟ್ಟಳೆ ಹಾಕಿದರು. ವರ್ಷ ಕಳೆದ ಮೇಲೂ ಮನಸ್ಸು ಬದಲಾಗದಿದ್ದರೆ ತಾವೇ ಹರಸುವುದಾಗಿ ತಿಳಿಸಿದರು. ಇಬ್ಬರೂ ಮಾತಿಗೆ ಕಟ್ಟುಬಿದ್ದು ಕಾದರು. 1940ರಲ್ಲಿ ಗಾಂಧೀಜಿಯವರ ಆಶೀರ್ವಾದದೊಂದಿಗೆ ಅವರ ಮದುವೆ ನಡೆಯಿತು. ಆಗ ಸೌಂದರಂ ಅವರಿಗೆ ಮೂವತ್ತಾರು ವರ್ಷ.

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ನಡೆಯಿತು. ಸೌಂದರಂ ಅದರಲ್ಲಿ ಪಾಲ್ಗೊಂಡರು. ಗಾಂಧೀಜಿ ಮತ್ತು ಕಸ್ತೂರ್ಬಾ ಅವರನ್ನು ಬ್ರಿಟಿಷರು ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿಟ್ಟರು. ಕಸ್ತೂರ್ಬಾ 1944ರ ಫೆಬ್ರವರಿ 22ರಂದು ಅಲ್ಲಿಯೇ ಕಣ್ಣುಮುಚ್ಚಿದರು. ಅವರ ನೆನಪಿಗಾಗಿ ದೇಶದ ಜನರು ಹಣ ಕೂಡಿಸಿದಾಗ ಅದು ಒಂದು ಕೋಟಿ ರೂಪಾಯಿಯನ್ನೂ ಮೀರಿತು. ಈ ಹಣ ಹಳ್ಳಿಯ ಹೆಂಗಸರಿಗೆ ಮತ್ತು ಮಕ್ಕಳಿಗೆ ಸಲ್ಲಬೇಕು ಎಂಬುದು ಗಾಂಧೀಜಿಯವರ ಇಚ್ಛೆ. ಅದಕ್ಕಾಗಿ ಕಸ್ತೂರ್ಬಾ ಸ್ಮಾರಕ ಟ್ರಸ್ಟ್ ಏರ್ಪಟ್ಟಿತು. ನಮ್ಮ ಕಡೆಯ ಕೆಲಸದ ಹೊಣೆಯನ್ನು ಗಾಂಧೀಜಿ ಸೌಂದರಂ ಅವರಿಗೆ ಒಪ್ಪಿಸಿದರು.

ಸೌಂದರಂ ಮನಸ್ಸು ಮಾಡಿದ್ದರೆ ಮಧುರೆಯಲ್ಲೋ ಮದರಾಸಿನಲ್ಲೋ ದೊಡ್ಡ ಆಸ್ಪತ್ರೆ ತೆರೆಯಬಹುದಿತ್ತು. ಅವರು ಆರಿಸಿಕೊಂಡದ್ದು ಚಿನ್ನಾಳಪಟ್ಟಿಯನ್ನು. ಅದು ನೇಕಾರರ ಊರು. ಅಲ್ಲಿ 1947ರಲ್ಲಿ ಒಂದು ಚಿಕ್ಕ ಆಸ್ಪತ್ರೆ ಶುರುವಾಯಿತು. ಅದರಲ್ಲಿ ಇದ್ದದ್ದು ಎರಡೇ ಹಾಸಿಗೆ. ಅದೇ ವರ್ಷ ಅಕ್ಟೋಬರಿನಲ್ಲಿ ಊರಿನ ಪಕ್ಕದ ಬಯಲಿನಲ್ಲಿ ಗಾಂಧಿಗ್ರಾಮ ಹುಟ್ಟಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಗಾಂಧೀಜಿ ಹರಸಿ ಬರೆದು ಕಳುಹಿಸಿದರು. ಆದರೆ ತಮ್ಮ ಹೆಸರಿನ ಆ ಗ್ರಾಮವನ್ನು ಅವರು ಕಣ್ಣಾರೆ ನೋಡಲಿಲ್ಲ. 1948ರ ಜನವರಿ 30ರಂದು ಅವರ ಹತ್ಯೆಯಾಯಿತು.

ಅಂದು ದಿಂಡಿಗಲ್ಲು, ತೇನಿ ಎಲ್ಲವೂ ಮಧುರೆ ಜಿಲ್ಲೆಗೇ ಸೇರಿದ್ದವು. ಹಳ್ಳಿಗಳಲ್ಲಿ ಡಾಕ್ಟರ್ ಇರಲಿ, ತರಬೇತಿ ಪಡೆದ ದಾದಿಯೂ ಸಿಗುತ್ತಿರಲಿಲ್ಲ. ಹೆರಿಗೆ ಕಷ್ಟವಾದರೆ ಗಾಡಿ ಕಟ್ಟಿಕೊಂಡು ಪಟ್ಟಣಕ್ಕೆ ಹೋಗಬೇಕು. ದಾರಿಯಲ್ಲೇ ಪ್ರಾಣ ಬಿಟ್ಟ ತಾಯಂದಿರು ಎಷ್ಟೋ! ಒಬ್ಬ ಡಾಕ್ಟರ್ ಎಲ್ಲ ಹಳ್ಳಿಗಳಿಗೂ ಹೋಗಲಾರರು. ಅದಕ್ಕಾಗಿ ಗಾಂಧಿಗ್ರಾಮದಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಡಲಾಯಿತು. ಹೆರಿಗೆ ಮಾಡಿಸುವುದು, ಕೂಸಿನ ಆರೈಕೆ, ಕುಡಿಯುವ ನೀರಿನ ಶುಚಿ, ಇವನ್ನೆಲ್ಲ ಅವರು ಕಲಿತರು. ಕಲಿತವರಲ್ಲಿ ವಿಧವೆಯರೂ ಗಂಡ ಬಿಟ್ಟವರೂ ಇದ್ದರು. ಮೂಲೆ ಸೇರಬೇಕಾಗಿದ್ದವರು ಗ್ರಾಮಸೇವಿಕೆಯರಾಗಿ ಕೈಯಲ್ಲಿ ಚೀಲ ಹಿಡಿದು ಊರೂರಿಗೆ ನಡೆದರು.

ತಾಯಿತಂದೆ ಇಲ್ಲದ ಮಕ್ಕಳಿಗೂ ಗಾಂಧಿಗ್ರಾಮ ಮನೆಯಾಯಿತು. ಯಾರೋ ಬಿಟ್ಟುಹೋದ ಹಸುಗೂಸುಗಳನ್ನು ಸಾಕಲು ಸೌಭಾಗ್ಯ ಇಲ್ಲಂ ಎಂಬ ಮನೆ ಇದೆ. ತಮಿಳಿನಲ್ಲಿ ಇಲ್ಲಂ ಎಂದರೆ ಮನೆ. ಯಾರಿಗೂ ಬೇಡವಾದ ಕೂಸಿಗೆ ಸೌಭಾಗ್ಯ ಎಂಬ ಹೆಸರಿನ ಮನೆ! ಎಷ್ಟು ಯೋಚಿಸಿ ಇಟ್ಟ ಹೆಸರು ನೋಡಿ.

ಶಾಲೆಯಲ್ಲಿ ಮಕ್ಕಳು ಪಾಠದ ಜೊತೆಗೆ ನೂಲು ನೂತರು, ತೋಟದಲ್ಲಿ ದುಡಿದರು. ಖಾದಿ ನೇಯ್ಗೆ, ಸಿದ್ಧ ಮತ್ತು ಆಯುರ್ವೇದ ಔಷಧಿಗಳ ತಯಾರಿಕೆ ನಡೆಯಿತು. 1956ರಲ್ಲಿ ಗ್ರಾಮೀಣ ವಿದ್ಯಾಸಂಸ್ಥೆ ಆರಂಭವಾಯಿತು. ಅದು 1976ರಲ್ಲಿ ವಿಶ್ವವಿದ್ಯಾಲಯದ ಮಟ್ಟಕ್ಕೆ ಏರಿತು. ಸುತ್ತಲಿನ ಆತ್ತೂರು ಬ್ಲಾಕಿನ ಹಳ್ಳಿಗಳಲ್ಲಿ 1959ರಿಂದ ನಡೆದ ಆರೋಗ್ಯ ಯೋಜನೆಯನ್ನು ಬೇರೆ ಕಡೆಯವರೂ ಗಮನಿಸಿದರು.

ಹೊರದೇಶದವರೂ ಇಲ್ಲಿಗೆ ಬಂದರು. ಕೈತಾನ್ ಎಂಬ ಅಮೆರಿಕದ ಪಾದ್ರಿಯನ್ನು, ಗಾಂಧೀಜಿಯವರ ಪಕ್ಷ ವಹಿಸಿದರೆಂದು ಬ್ರಿಟಿಷ್ ಸರ್ಕಾರ ಎರಡು ಬಾರಿ ದೇಶದಿಂದ ಹೊರಗೆ ಕಳುಹಿಸಿತ್ತು. ಸ್ವಾತಂತ್ರ್ಯದ ನಂತರ ಅವರು ಮರಳಿ ಬಂದು ಗಾಂಧಿಗ್ರಾಮದವರೊಡನೆ ದುಡಿದರು. ಅಮೆರಿಕದಲ್ಲಿ ಕರಿಯ ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರು 1959ರ ಫೆಬ್ರವರಿಯಲ್ಲಿ ಪತ್ನಿಯೊಂದಿಗೆ ಭಾರತಕ್ಕೆ ಬಂದಾಗ ಗಾಂಧಿಗ್ರಾಮಕ್ಕೂ ಬಂದರು. ಹಿಂಸೆಯಿಲ್ಲದೆ ಹೋರಾಡುವ ದಾರಿಯನ್ನು ಅರಸಿ ಬಂದವರು ಅವರು.

ಸೌಂದರಂ ಚುನಾವಣೆಗೂ ನಿಂತರು. 1952ರಲ್ಲಿ ಆತ್ತೂರಿನಿಂದ, 1957ರಲ್ಲಿ ವೇಡಸಂದೂರಿನಿಂದ ಮದರಾಸು ವಿಧಾನಸಭೆಗೆ ಆರಿಸಿ ಬಂದರು. 1962ರಲ್ಲಿ ದಿಂಡಿಗಲ್ಲಿನಿಂದ ಲೋಕಸಭೆಗೆ ಹೋಗಿ ಕೇಂದ್ರ ಸರ್ಕಾರದಲ್ಲಿ ಶಿಕ್ಷಣ ಇಲಾಖೆಯ ಉಪಮಂತ್ರಿಯಾದರು. ಅದೇ ವರ್ಷ ಪದ್ಮಭೂಷಣ ಪ್ರಶಸ್ತಿ ಬಂತು. 1967ರ ಚುನಾವಣೆಯಲ್ಲಿ ಅವರು ಸೋತರು. ಆದರೆ ಅವರಿಗೆ ಮಾಡಲು ಕೆಲಸವೇನೂ ಕಡಿಮೆ ಇರಲಿಲ್ಲ. ಗಾಂಧಿಗ್ರಾಮ ಇತ್ತು, ರೋಗಿಗಳಿದ್ದರು, ಮಕ್ಕಳಿದ್ದರು.

1984ರ ಅಕ್ಟೋಬರ್ 21ರಂದು ಡಾಕ್ಟರ್ ಸೌಂದರಂ ತೀರಿಕೊಂಡರು. ಆಗ ಅವರಿಗೆ ಎಂಬತ್ತು ವರ್ಷ. 2005ರಲ್ಲಿ ಭಾರತ ಸರ್ಕಾರ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.

ಎರಡು ಹಾಸಿಗೆಯಿಂದ ಶುರುವಾದ ಆಸ್ಪತ್ರೆಗೆ ಕಸ್ತೂರ್ಬಾ ಆಸ್ಪತ್ರೆ ಎಂದು ಹೆಸರು. ಈಗ ಅಲ್ಲಿ ನೂರಾರು ಹಾಸಿಗೆಗಳಿವೆ. ಸುತ್ತಲಿನ ಹಳ್ಳಿಗಳ ತಾಯಂದಿರು ಇಂದಿಗೂ ಹೆರಿಗೆಗೆ ಅಲ್ಲಿಗೆ ಬರುತ್ತಾರೆ.